ಪ್ಯಾರಾ ಕೆಲಸದಿಂದ ಟೀಚರ್ ಲೈಸೆನ್ಸ್‌ವರೆಗೆ: ಅಮೆರಿಕದಲ್ಲಿ ಓದಿನ ಫೀಸಿಗೆ ನೆರವು ಪಡೆಯುವ ದಾರಿ

ಟ್ಯೂಷನ್ ಅಂದರೆ ನಮ್ಮ ಕಡೆ ಮನೆಪಾಠ. ಅಮೆರಿಕದಲ್ಲಿ ಅದೇ ಮಾತಿಗೆ ಕಾಲೇಜಿನ ಫೀಸು ಎಂದು ಅರ್ಥ. ನಾನು ಇಲ್ಲಿನ ಶಾಲೆಯೊಂದಕ್ಕೆ ಪ್ಯಾರಾ, ಅಂದರೆ ತರಗತಿಯಲ್ಲಿ ಟೀಚರ್ ಸಹಾಯಕಿ, ಆಗಿ ಸೇರಿದ ವರ್ಷ, ಸ್ಟಾಫ್ ರೂಮಿನ ಗೋಡೆಯ ಮೇಲೆ ‘ಟ್ಯೂಷನ್ ಅಸಿಸ್ಟೆನ್ಸ್’ ಎಂಬ ಚೀಟಿ ಅಂಟಿಸಿದ್ದರು. ಮಕ್ಕಳ ಮನೆಪಾಠದ ವಿಷಯ ಇರಬೇಕು ಅಂದುಕೊಂಡೆ. ಆ ಚೀಟಿ ಇದ್ದದ್ದು ನನ್ನಂಥವರಿಗೇ. ಪ್ಯಾರಾಗಳು ಓದಿ ಟೀಚರ್ ಆಗಲಿ ಎಂದು ಶಾಲಾ ಡಿಸ್ಟ್ರಿಕ್ಟ್ (ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸಂಸ್ಥೆ) ಕೊಡುವ ಹಣ ಅದು.

ಗೊತ್ತಾಗುವ ಹೊತ್ತಿಗೆ ನಾನು ಒಂದು ಕೋರ್ಸಿಗೆ ಸೇರಿ 1,900 ಡಾಲರ್ ಕಟ್ಟಿಯಾಗಿತ್ತು. ಬಿಲ್ ಹಿಡಿದುಕೊಂಡು ಎಚ್‌ಆರ್‌ಗೆ ಹೋದೆ. ತರಗತಿ ಶುರುವಾಗುವ ಮೊದಲೇ ಅನುಮತಿ ಪಡೆಯಬೇಕಿತ್ತು, ಈಗ ಏನೂ ಮಾಡಲಾಗದು ಎಂದರು. ಒಂದು ಪುಟದ ಫಾರಂ, ಅಷ್ಟೇ. ಮನೆಯ ದುಡ್ಡು ಹೋಯಿತು.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಈ ದಾರಿಯಲ್ಲಿ ನೆರವು ಇದೆ. ಆದರೆ ಅದು ಸಿಗುವುದು ಬಿಡುವುದು ಯಾವ ಕೆಲಸವನ್ನು ಮೊದಲು ಮಾಡುತ್ತೀರಿ ಎನ್ನುವುದರ ಮೇಲೆ ನಿಂತಿದೆ. ಮೊದಲು ಕೇಳಬೇಕು, ಆಮೇಲೆ ಸೇರಬೇಕು, ಕೊನೆಗೆ ಫೀಸು ಕಟ್ಟಬೇಕು. ನಮ್ಮಲ್ಲಿ ಬಹಳ ಜನ ಇದನ್ನು ತಲೆಕೆಳಗು ಮಾಡುತ್ತೇವೆ.

ಪ್ಯಾರಾ ಎಂದರೆ ಯಾರು?

ತರಗತಿಯಲ್ಲಿ ಟೀಚರ್ ಜೊತೆಗಿದ್ದು ಮಕ್ಕಳಿಗೆ ನೆರವಾಗುವವರು. ಒಂದು ರಾಜ್ಯದಲ್ಲಿ ಪ್ಯಾರಾಪ್ರೊಫೆಷನಲ್, ಇನ್ನೊಂದರಲ್ಲಿ ಪ್ಯಾರಾಎಜುಕೇಟರ್, ಮತ್ತೊಂದರಲ್ಲಿ ಇನ್‌ಸ್ಟ್ರಕ್ಷನಲ್ ಏಡ್. ಕೆಲಸ ಹೆಚ್ಚುಕಡಿಮೆ ಒಂದೇ. ವಿಶೇಷ ಅಗತ್ಯದ ಮಕ್ಕಳ ತರಗತಿಗಳಂತೂ ಪ್ಯಾರಾಗಳಿಲ್ಲದೆ ನಡೆಯುವುದೇ ಇಲ್ಲ. ಮಗುವಿನ ಐಇಪಿಯಲ್ಲಿ, ಅಂದರೆ ಆ ಮಗುವಿಗೆಂದೇ ಮಾಡಿದ ಕಲಿಕೆಯ ಯೋಜನೆಯಲ್ಲಿ, ಬರೆದ ನೆರವನ್ನು ದಿನದಿನವೂ ಕೈಯಾರೆ ಕೊಡುವವರು ಇವರೇ. ಸಂಬಳ ಮಾತ್ರ ತೀರಾ ಕಡಿಮೆ. ದೇಶದ ಮಧ್ಯಮ ಲೆಕ್ಕದಲ್ಲಿ ಪ್ಯಾರಾಗಳಿಗೆ ವರ್ಷಕ್ಕೆ 35 ಸಾವಿರ ಡಾಲರ್ ಆಸುಪಾಸು ಸಿಕ್ಕರೆ, ಪ್ರಾಥಮಿಕ ಶಾಲೆಯ ಟೀಚರ್‌ಗಳಿಗೆ 60 ಸಾವಿರ ದಾಟುತ್ತದೆ.

ಪ್ಯಾರಾಗಳಿಗೆ ಓದಲು ನೆರವು ಕೊಡುವುದು ಹೊಸದೇನಲ್ಲ. ನ್ಯೂಯಾರ್ಕ್ ನಗರದ ಪ್ಯಾರಾಗಳು ಶಿಕ್ಷಕರ ಸಂಘದ ಮೂಲಕ ಹೋರಾಡಿ 1970ರ ಒಪ್ಪಂದದಲ್ಲೇ ಕಾಲೇಜು ಓದಿನ ದಾರಿ ಪಡೆದುಕೊಂಡರು. ಅವರಲ್ಲಿ ಬಹಳಷ್ಟು ಜನ ಕಪ್ಪು ಮತ್ತು ಪೋರ್ಟೊ ರಿಕೊ ಮೂಲದ ತಾಯಂದಿರು. ಇವತ್ತು ನಾವು ತುಂಬುವ ಫಾರಂಗಳ ಹಿಂದೆ ಅವರ ಬೆವರಿದೆ.

ಈಗ ನಮ್ಮ ಹೆಣ್ಣುಮಕ್ಕಳೂ ಈ ಕೆಲಸಕ್ಕೆ ಬರುತ್ತಿದ್ದಾರೆ. ಗಂಡನ ಕೆಲಸದ ಹಿಂದೆ ಬಂದವರು, ಊರಲ್ಲಿ ಬಿಎಸ್ಸಿ, ಬಿಕಾಂ, ಬಿಇ ಮಾಡಿದವರು, ಕೆಲವರು ಬಿಎಡ್ ಮುಗಿಸಿ ಪಾಠ ಹೇಳಿದವರು. ಮಕ್ಕಳ ಶಾಲೆಯ ಸಮಯಕ್ಕೆ ಹೊಂದುತ್ತದೆ ಎಂದು ಪ್ಯಾರಾ ಆಗುತ್ತಾರೆ. ಐದಾರು ವರ್ಷವಾದರೂ ಅಲ್ಲೇ ಉಳಿಯುತ್ತಾರೆ. ಮುಂದಿನದು ಮುಖ್ಯವಾಗಿ ಅವರಿಗಾಗಿ.

ಹೆಜ್ಜೆ 1: ನಿಮ್ಮ ವೀಸಾಗೆ ಯಾವ ಹಣ ಸಿಗುತ್ತದೆ ನೋಡಿ

ಇಲ್ಲಿ ಹಣ ಬರುವುದು ಮೂರು ಕಡೆಯಿಂದ: ಕೇಂದ್ರ ಸರ್ಕಾರ, ರಾಜ್ಯ ಸರ್ಕಾರ, ನಿಮ್ಮ ಡಿಸ್ಟ್ರಿಕ್ಟ್. ಕೇಂದ್ರದ ಹಣಕ್ಕೆ ಫ್ಯಾಫ್ಸಾ ಎಂಬ ಅರ್ಜಿ ತುಂಬಬೇಕು. ಅದು ಮುಖ್ಯವಾಗಿ ಪೌರರಿಗೆ ಮತ್ತು ಗ್ರೀನ್ ಕಾರ್ಡ್ ಇದ್ದವರಿಗೆ. ಎಚ್4ನಲ್ಲಿ, ಅಂದರೆ ಎಚ್1ಬಿ ಕೆಲಸದ ವೀಸಾದವರ ಸಂಗಾತಿಗೆ ಕೊಡುವ ವೀಸಾದಲ್ಲಿ, ಇರುವವರಿಗೆ ಸಿಗುವುದಿಲ್ಲ. ಇದನ್ನು ಕೇಳಿ ಎಷ್ಟೋ ಜನ ಅಲ್ಲಿಗೇ ಕೈಬಿಡುತ್ತಾರೆ. ಬಿಡಬೇಡಿ. ಡಿಸ್ಟ್ರಿಕ್ಟ್ ತನ್ನ ಜೇಬಿನಿಂದ ಕೊಡುವ ಹಣಕ್ಕೆ ಸಾಮಾನ್ಯವಾಗಿ ಬೇಕಾಗುವುದು ಒಂದೇ: ನೀವು ಅಲ್ಲಿಯ ನೌಕರರಾಗಿರಬೇಕು. ರಾಜ್ಯದ ಯೋಜನೆಗಳಿಗೆ ಒಂದೊಂದಕ್ಕೂ ಅದರದ್ದೇ ನಿಯಮ.

ಎಚ್4ನಲ್ಲಿ ಓದಲು ಅಡ್ಡಿಯಿಲ್ಲ. ಸಂಬಳದ ಕೆಲಸಕ್ಕೆ ಮಾತ್ರ ಇಎಡಿ ಎಂಬ ಕೆಲಸದ ಪರವಾನಗಿ ಬೇಕು. 2015ರ ನಿಯಮದ ಪ್ರಕಾರ, ಸಂಗಾತಿಯ ಐ-140 (ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕುವ ಅರ್ಜಿ) ಮಂಜೂರಾಗಿದ್ದರೆ ಎಚ್4 ಇಎಡಿಗೆ ಅರ್ಜಿ ಹಾಕಬಹುದು. ಇಎಡಿ ನವೀಕರಣವನ್ನು ಮಾತ್ರ ಕೊನೆ ಗಳಿಗೆಗೆ ಇಟ್ಟುಕೊಳ್ಳಬೇಡಿ. 180 ದಿನ ಮುಂಚೆಯೇ ಅರ್ಜಿ ಹಾಕಲು ಅವಕಾಶವಿದೆ. ಇಎಡಿ ಮುಗಿದರೆ ಕೆಲಸ ನಿಲ್ಲುತ್ತದೆ. ಕೆಲಸ ನಿಂತರೆ ಫೀಸಿನ ನೆರವೂ ನಿಲ್ಲುತ್ತದೆ, ಅದೂ ಸೆಮಿಸ್ಟರಿನ ಮಧ್ಯದಲ್ಲಿ.

ಕೆಲವು ರಾಜ್ಯಗಳಲ್ಲಿ ಟೀಚರ್ ಲೈಸೆನ್ಸ್ ಕೊಡುವಾಗ ಪೌರತ್ವದ ಬಗ್ಗೆಯೂ ಕೇಳುತ್ತಾರೆ. ಎರಡು ವರ್ಷ ಓದಿ, ಕೊನೆಯ ಅರ್ಜಿಯಲ್ಲಿ ಆ ಪ್ರಶ್ನೆ ಎದುರಾಗುವುದು ಬೇಡ. ರಾಜ್ಯದ ಲೈಸೆನ್ಸ್ ಕಚೇರಿಗೆ ಇಮೇಲ್ ಬರೆದು ಮೊದಲೇ ಕೇಳಿ. ಬಂದ ಉತ್ತರವನ್ನು ಜೋಪಾನವಾಗಿಡಿ.

ಹೆಜ್ಜೆ 2: ಊರಿನ ಡಿಗ್ರಿಯನ್ನು ಇಲ್ಲಿನ ಲೆಕ್ಕಕ್ಕೆ ತನ್ನಿ

ಭಾರತದ ಡಿಗ್ರಿಯನ್ನು ಇಲ್ಲಿನ ಸಂಸ್ಥೆಯೊಂದರಿಂದ ತೂಗಿಸಬೇಕು. ಇದಕ್ಕೆ ಇವ್ಯಾಲ್ಯುಯೇಷನ್ ಅನ್ನುತ್ತಾರೆ. ಡಬ್ಲ್ಯುಇಎಸ್, ಇಸಿಇ ಮೊದಲಾದ ಸಂಸ್ಥೆಗಳು ಈ ಕೆಲಸ ಮಾಡುತ್ತವೆ. ಆದರೆ ಪ್ರತಿ ರಾಜ್ಯಕ್ಕೂ ತಾನು ಒಪ್ಪುವ ಸಂಸ್ಥೆಗಳ ಪಟ್ಟಿ ಇರುತ್ತದೆ. ಆ ಪಟ್ಟಿ ನೋಡದೆ ದುಡ್ಡು ಕಟ್ಟಬೇಡಿ. ಒಟ್ಟು ಡಿಗ್ರಿಯದ್ದಲ್ಲ, ಒಂದೊಂದು ವಿಷಯಕ್ಕೂ ಕ್ರೆಡಿಟ್ (ಎಷ್ಟು ಓದಿದ್ದೀರಿ ಎಂಬ ಲೆಕ್ಕ) ತೋರಿಸುವ ವರದಿಯನ್ನೇ ಕೇಳಿ. ಲೈಸೆನ್ಸಿಗೆ ಅದೇ ಬೇಕಾಗುತ್ತದೆ.

ನಾಲ್ಕು ವರ್ಷದ ಬಿಇ ಮಾಡಿದವರಿಗೆ ಸಾಮಾನ್ಯವಾಗಿ ತೊಂದರೆ ಇಲ್ಲ. ಮೂರು ವರ್ಷದ ಬಿಎ, ಬಿಎಸ್ಸಿ, ಬಿಕಾಂ ಆದವರು ಸ್ವಲ್ಪ ಎಚ್ಚರದಿಂದಿರಿ. ಕೆಲವು ಸಂಸ್ಥೆಗಳು ಅದನ್ನು ಮೂರು ವರ್ಷದ ಕಾಲೇಜು ಎಂದಷ್ಟೇ ಲೆಕ್ಕ ಹಾಕುತ್ತವೆ. ಇನ್ನು ಕೆಲವು, ನಿಮ್ಮ ವಿಶ್ವವಿದ್ಯಾಲಯಕ್ಕೆ ನ್ಯಾಕ್ ಕೊಟ್ಟ ದರ್ಜೆ ಮತ್ತು ನಿಮ್ಮ ಅಂಕ ನೋಡಿ ಪೂರ್ತಿ ಡಿಗ್ರಿ ಎಂದೇ ಒಪ್ಪುತ್ತವೆ. ಮೇಲೆ ಎಂಎ, ಎಂಎಸ್ಸಿ ಅಥವಾ ಬಿಎಡ್ ಇದ್ದರೆ ಅದನ್ನೂ ಸೇರಿಸಿಯೇ ಕಳಿಸಿ. ಒಂದೇ ಡಿಗ್ರಿ ಕಳಿಸಿ ‘ಸಾಲದು’ ಎಂದು ಬರೆಸಿಕೊಂಡ ಗೆಳತಿಯರನ್ನು ನೋಡಿದ್ದೇನೆ.

ಜಾಸ್ತಿ ಸಮಯ ತಿನ್ನುವುದು ಊರಿನಿಂದ ಬರಬೇಕಾದ ಟ್ರಾನ್ಸ್‌ಕ್ರಿಪ್ಟ್. ನಿಮ್ಮ ಹತ್ತಿರ ಇರುವ ಮಾರ್ಕ್ಸ್ ಕಾರ್ಡ್ ಸಾಕಾಗುವುದಿಲ್ಲ. ಮೈಸೂರೋ ಧಾರವಾಡವೋ ಬೆಳಗಾವಿಯ ವಿಟಿಯುವೋ, ವಿಶ್ವವಿದ್ಯಾಲಯವೇ ನೇರವಾಗಿ ಇಲ್ಲಿಗೆ ಕಳಿಸಬೇಕು. ಊರಲ್ಲಿ ಅಣ್ಣನೋ ತಂಗಿಯೋ ಕಚೇರಿಗೆ ಹೋಗಿ ವಿಚಾರಿಸುವಂತಿದ್ದರೆ ಒಳ್ಳೆಯದು. ರಜೆಗೆ ಹೋದಾಗ ನೀವೇ ಈ ಕೆಲಸ ಮುಗಿಸಿಕೊಂಡರೆ ಇನ್ನೂ ಒಳ್ಳೆಯದು.

ಹೆಸರಿನ ಗೋಜಲು ಬೇರೆ. ಮಾರ್ಕ್ಸ್ ಕಾರ್ಡಿನಲ್ಲಿ ಊರು, ಅಪ್ಪನ ಹೆಸರಿನ ಇನಿಷಿಯಲ್. ಪಾಸ್‌ಪೋರ್ಟಿನಲ್ಲಿ ಅದೇ ಇನಿಷಿಯಲ್ ಬಿಡಿಸಿ ಬರೆದದ್ದು, ಇಲ್ಲವೇ ಗಂಡನ ಹೆಸರು. ಇಲ್ಲಿನವರ ಕಣ್ಣಿಗೆ ಅವರಿಬ್ಬರೂ ಬೇರೆ ಬೇರೆ ಹೆಂಗಸರು. ಮದುವೆಯ ಸರ್ಟಿಫಿಕೇಟ್, ಇಬ್ಬರೂ ಒಬ್ಬರೇ ಎಂಬ ಅಫಿಡವಿಟ್ ಮೊದಲೇ ಮಾಡಿಸಿಟ್ಟುಕೊಳ್ಳಿ. ಊರಲ್ಲಿ ಶಾಲೆಯಲ್ಲಿ ಕೆಲಸ ಮಾಡಿದ್ದರೆ, ಎಲ್ಲಿಂದ ಎಲ್ಲಿಯವರೆಗೆ, ಯಾವ ತರಗತಿಗೆ, ಯಾವ ವಿಷಯ ಎಂದು ಶಾಲೆಯ ಲೆಟರ್‌ಹೆಡ್ಡಿನಲ್ಲಿ ಬರೆಸಿಕೊಂಡು ಬನ್ನಿ. ಅದು ಕೊನೆಯಲ್ಲಿ ಎಲ್ಲಿ ಕೆಲಸಕ್ಕೆ ಬರುತ್ತದೆ ಎಂದು ಆಮೇಲೆ ಹೇಳುತ್ತೇನೆ.

ಇನ್ನೂ ಪ್ಯಾರಾ ಆಗಿಲ್ಲದವರಿಗೂ ಈ ಇವ್ಯಾಲ್ಯುಯೇಷನ್ ವರದಿ ಬೇಕು. ಬಡ ಮಕ್ಕಳು ಹೆಚ್ಚಿರುವ, ಟೈಟಲ್ 1 ಎಂಬ ಕೇಂದ್ರದ ಹಣದಿಂದ ನಡೆಯುವ ಕಾರ್ಯಕ್ರಮಗಳಲ್ಲಿ ಪಾಠಕ್ಕೆ ನೆರವಾಗುವ ಪ್ಯಾರಾಗಳಿಗೆ ಎರಡು ವರ್ಷದ ಕಾಲೇಜು ಓದು ಆಗಿರಬೇಕು, ಇಲ್ಲವೇ ಪ್ಯಾರಾಪ್ರೋ ಥರದ ಪರೀಕ್ಷೆ ಪಾಸಾಗಿರಬೇಕು. ನಮ್ಮ ಡಿಗ್ರಿ ಅಲ್ಲಿಗೆ ಧಾರಾಳವಾಗಿ ಸಾಕು.

ಹೆಜ್ಜೆ 3: ಎಚ್‌ಆರ್ ಬಳಿ ಕೇಳಿ, ಬರಹದಲ್ಲಿ ಕೇಳಿ

ಪ್ರಿನ್ಸಿಪಾಲರಿಗೆ ಆಸೆ ಹೇಳಿಕೊಳ್ಳಿ, ಅವರ ಬೆಂಬಲ ಬೇಕು. ಆದರೆ ಹಣದ ಪ್ರಶ್ನೆ ಎಚ್‌ಆರ್‌ಗೇ ಹೋಗಲಿ. ಅದಕ್ಕೂ ಮೊದಲು ಒಂದು ಕೆಲಸ ಇದೆ. ನಿಮ್ಮ ಯೂನಿಯನ್ ಒಪ್ಪಂದ ತೆಗೆದು ಓದಿ. ಪ್ಯಾರಾಗಳ ಒಪ್ಪಂದ ಬೇರೆ, ಟೀಚರ್‌ಗಳದ್ದು ಬೇರೆ. ಫೀಸು ವಾಪಸ್ ಕೊಡುವ ಸಾಲು ಎಷ್ಟೋ ಒಪ್ಪಂದಗಳಲ್ಲಿ ಸುಮ್ನೆ ಮಲಗಿರುತ್ತದೆ. ನ್ಯೂಯಾರ್ಕ್ ನಗರದ ಪ್ಯಾರಾಗಳಿಗೆ ಇಂಥದ್ದೇ ಒಂದು ಯೋಜನೆಯಲ್ಲಿ ಸೆಮಿಸ್ಟರಿಗೆ ಆರು ಕ್ರೆಡಿಟ್‌ವರೆಗೆ ಫೀಸು ಸಿಗುತ್ತದೆ.

ಕೇಳಬೇಕಾದ್ದು ಇಷ್ಟು. ನೆರವು ಮೊದಲೇ ಕೊಡುತ್ತೀರಾ, ಪಾಸಾದ ಮೇಲೆ ವಾಪಸ್ ಕೊಡುತ್ತೀರಾ? ಅನುಮತಿ ಯಾವ ತಾರೀಖಿನೊಳಗೆ ಪಡೆಯಬೇಕು? ಎಷ್ಟು ಅಂಕ ಬರಬೇಕು? ಯಾವ ಕಾಲೇಜುಗಳಿಗೆ ಅನ್ವಯ? ಪುಸ್ತಕ, ಪರೀಕ್ಷೆಯ ಫೀಸು ಸೇರಿದೆಯಾ? ಓದು ಮುಗಿದ ಮೇಲೆ ಎಷ್ಟು ವರ್ಷ ಇಲ್ಲೇ ಕೆಲಸ ಮಾಡಬೇಕು?

ಕೊನೆಯ ಪ್ರಶ್ನೆಗೆ ಬಂದ ಉತ್ತರವನ್ನು ಎರಡು ಸಲ ಓದಿ. ಎರಡೋ ಮೂರೋ ವರ್ಷ ಅಲ್ಲೇ ಪಾಠ ಮಾಡಬೇಕು, ಮಧ್ಯದಲ್ಲಿ ಬಿಟ್ಟರೆ ಹಣ ಹಿಂತಿರುಗಿಸಬೇಕು ಎಂಬ ಷರತ್ತು ಸಾಮಾನ್ಯ. ನಮ್ಮ ಮನೆಗಳಲ್ಲಿ ಗಂಡನಿಗೆ ಲೇಆಫ್ ಆಗಬಹುದು, ಕೆಲಸ ಬೇರೆ ರಾಜ್ಯಕ್ಕೆ ಹೋಗಬಹುದು. ಹಾಗಾದರೆ ಪೂರ್ತಿ ಹಣ ಕೊಡಬೇಕೋ, ದುಡಿದಷ್ಟು ಕಾಲ ಕಳೆದು ಉಳಿದದ್ದು ಮಾತ್ರವೋ? ಸಹಿ ಹಾಕುವ ಮೊದಲು ಇದು ಕಾಗದದಲ್ಲಿ ಕಾಣಬೇಕು.

ತೆರಿಗೆಯ ಒಂದು ವಿಷಯ. ಉದ್ಯೋಗ ಕೊಟ್ಟವರು ನಿಯಮದ ಪ್ರಕಾರ ನಡೆಸುವ ಯೋಜನೆಯಿಂದ ಬರುವ ಓದಿನ ನೆರವಿಗೆ ಒಂದು ಕ್ಯಾಲೆಂಡರ್ ವರ್ಷದಲ್ಲಿ 5,250 ಡಾಲರ್‌ವರೆಗೆ ತೆರಿಗೆ ಇಲ್ಲ. ಅದಕ್ಕಿಂತ ಜಾಸ್ತಿ ಬರುವಂತಿದ್ದರೆ, ಒಂದಿಷ್ಟು ಡಿಸೆಂಬರಿನಲ್ಲಿ, ಉಳಿದದ್ದು ಜನವರಿಯಲ್ಲಿ ಕೊಡಲು ಆಗುತ್ತದೆಯಾ ಎಂದು ವಿಚಾರಿಸಿ.

ಹೆಜ್ಜೆ 4: ರಾಜ್ಯ ಮತ್ತು ಕೇಂದ್ರದ ಹಣ ಹುಡುಕಿ

ಕ್ಯಾಲಿಫೋರ್ನಿಯಾದಲ್ಲಿ ಪ್ಯಾರಾಗಳಂಥ ನೌಕರರನ್ನು ಟೀಚರ್ ಮಾಡಲೆಂದೇ 2016ರಲ್ಲಿ ಒಂದು ಯೋಜನೆ ಶುರುವಾಯಿತು. ಅದಕ್ಕೆ ನೀವು ನೇರವಾಗಿ ಅರ್ಜಿ ಹಾಕುವಂತಿಲ್ಲ. ಡಿಸ್ಟ್ರಿಕ್ಟ್ ಅಥವಾ ಕೌಂಟಿ ಕಚೇರಿ ಹಣ ತಂದು ತನ್ನ ನೌಕರರಿಗೆ ಹಂಚುತ್ತದೆ. ಆದ್ದರಿಂದ ‘ನಮ್ಮ ಡಿಸ್ಟ್ರಿಕ್ಟ್ ಆ ಯೋಜನೆಯಲ್ಲಿ ಇದೆಯಾ’ ಎಂದೇ ಕೇಳಬೇಕು. ಟೆಕ್ಸಾಸಿನಲ್ಲಿ ಬೇರೆ ಥರ. ಸರ್ಕಾರಿ ಶಾಲೆಯಲ್ಲಿ ಕಳೆದ ಐದು ವರ್ಷಗಳಲ್ಲಿ ಒಂದು ಶಾಲಾ ವರ್ಷವಾದರೂ ಏಡ್ ಆಗಿ ದುಡಿದು, ಕೊರತೆ ಇರುವ ವಿಷಯದಲ್ಲಿ ಟೀಚರ್ ಆಗಲು ಓದುವವರಿಗೆ ಸರ್ಕಾರಿ ಕಾಲೇಜಿನ ಫೀಸಿನಲ್ಲಿ ದೊಡ್ಡ ಪಾಲು ಮನ್ನಾ ಆಗುತ್ತದೆ. ಆರ್ಥಿಕ ಅಗತ್ಯ ತೋರಿಸಬೇಕು, ಕಾಲೇಜೂ ಯೋಜನೆಗೆ ಸೇರಿರಬೇಕು. ವಾಷಿಂಗ್ಟನ್ ರಾಜ್ಯದಲ್ಲಿ ಡಿಸ್ಟ್ರಿಕ್ಟ್ ನೌಕರರಿಗೆ ಎರಡು ದಾರಿ ಇವೆ: ಎರಡು ವರ್ಷದ ಡಿಗ್ರಿ ಇದ್ದವರಿಗೆ ರೂಟ್ 1, ಪೂರ್ತಿ ಡಿಗ್ರಿ ಇದ್ದವರಿಗೆ ರೂಟ್ 2. ನಮ್ಮವರಲ್ಲಿ ಬಹುತೇಕರಿಗೆ ಹೊಂದುವುದು ಎರಡನೆಯದು.

ಇನ್ನೊಂದು ದಾರಿ ಅಪ್ರೆಂಟಿಸ್‌ಶಿಪ್. ಬಡಗಿ, ಎಲೆಕ್ಟ್ರಿಷಿಯನ್ ಕಲಿಯುವ ಹಾಗೆ ಸಂಬಳ ಪಡೆಯುತ್ತಲೇ ಪಾಠ ಮಾಡುವುದನ್ನು ಕಲಿಯುವುದು. 2022ರ ಜನವರಿಯಲ್ಲಿ ಟೆನೆಸಿಯ ಕ್ಲಾರ್ಕ್ಸ್‌ವಿಲ್ ಶಾಲೆಗಳು ಮತ್ತು ಆಸ್ಟಿನ್ ಪೀ ವಿಶ್ವವಿದ್ಯಾಲಯ ಸೇರಿ ನಡೆಸುವ ಕಾರ್ಯಕ್ರಮಕ್ಕೆ ಕೇಂದ್ರದ ಕಾರ್ಮಿಕ ಇಲಾಖೆ ಮಾನ್ಯತೆ ಕೊಟ್ಟಿತು. ಟೀಚರ್ ಕೆಲಸಕ್ಕೆ ದೇಶದಲ್ಲೇ ಮೊದಲನೆಯದು. ಆಮೇಲೆ ಬೇರೆ ರಾಜ್ಯಗಳೂ ಹಿಂಬಾಲಿಸಿವೆ. ನಿಮ್ಮಲ್ಲಿ ಇದ್ದರೆ ಇದನ್ನೇ ಹಿಡಿಯಿರಿ ಅನ್ನುತ್ತೇನೆ. ಸಂಬಳ ನಿಲ್ಲದೆ ಓದುವುದಕ್ಕಿಂತ ದೊಡ್ಡ ನೆರವು ಬೇರೆ ಇಲ್ಲ.

ಗ್ರೀನ್ ಕಾರ್ಡ್ ಅಥವಾ ಪೌರತ್ವ ಇದ್ದವರಿಗೆ ಕೇಂದ್ರದ ಟೀಚ್ ಗ್ರಾಂಟ್ ಇದೆ. ವರ್ಷಕ್ಕೆ ಹೆಚ್ಚೆಂದರೆ 4,000 ಡಾಲರ್. ಬಜೆಟ್ ಕಡಿತದಿಂದ ಕೈಗೆ ಸಿಗುವುದು ಇನ್ನೂ ಸ್ವಲ್ಪ ಕಡಿಮೆ. ಬದಲಿಗೆ, ಓದು ಮುಗಿದ ಎಂಟು ವರ್ಷದೊಳಗೆ ನಾಲ್ಕು ವರ್ಷ ಬಡ ಮಕ್ಕಳ ಶಾಲೆಯಲ್ಲಿ, ಕೊರತೆ ಇರುವ ವಿಷಯ ಕಲಿಸಬೇಕು. ತಪ್ಪಿದರೆ ಇಡೀ ಗ್ರಾಂಟ್ ಸಾಲವಾಗಿ ಬದಲಾಗುತ್ತದೆ. ಬಡ್ಡಿಯನ್ನೂ ಹಣ ಕೊಟ್ಟ ದಿನದಿಂದಲೇ ಲೆಕ್ಕ ಹಾಕುತ್ತಾರೆ. ಅಂಥ ಶಾಲೆಯಲ್ಲೇ ಇರುತ್ತೇನೆ ಎನ್ನುವ ಖಾತ್ರಿ ಇದ್ದರೆ ಮಾತ್ರ ತೆಗೆದುಕೊಳ್ಳಿ. ಕಡಿಮೆ ವರಮಾನದವರಿಗೆ ಕೇಂದ್ರ ಕೊಡುವ ಪೆಲ್ ಗ್ರಾಂಟ್ ಬಗ್ಗೆ ಬಹಳ ಜನ ಕೇಳುತ್ತಾರೆ. ಅದು ಸಾಮಾನ್ಯವಾಗಿ ಮೊದಲ ಡಿಗ್ರಿ ಇಲ್ಲದವರಿಗೆ. ಊರಿನ ಡಿಗ್ರಿಯೂ ಡಿಗ್ರಿಯೇ, ಅದನ್ನು ಅರ್ಜಿಯಲ್ಲಿ ಮುಚ್ಚಿಡಬಾರದು.

ಹೆಜ್ಜೆ 5: ಕೋರ್ಸ್ ಆರಿಸಿ

ಇಲ್ಲಿ ಒಂದು ದೊಡ್ಡ ಗುಂಡಿ ಇದೆ. ಶಿಕ್ಷಣದಲ್ಲಿ ಮಾಸ್ಟರ್ಸ್ ಮಾಡಿದರೆ ಟೀಚರ್ ಆಗಬಹುದು ಎಂದು ನಾವು ನಂಬುತ್ತೇವೆ. ಎಷ್ಟೋ ಮಾಸ್ಟರ್ಸ್ ಡಿಗ್ರಿಗಳು ಈಗಾಗಲೇ ಲೈಸೆನ್ಸ್ ಇರುವ ಟೀಚರ್‌ಗಳಿಗಾಗಿ ಇರುವಂಥವು. ಅವನ್ನು ಮುಗಿಸಿದರೆ ಡಿಗ್ರಿ ಬರುತ್ತದೆ, ಲೈಸೆನ್ಸ್ ಬರುವುದಿಲ್ಲ. ‘ಈ ಕೋರ್ಸ್ ಮುಗಿಸಿದರೆ ನಮ್ಮ ರಾಜ್ಯದ ಮೊದಲ ಟೀಚರ್ ಲೈಸೆನ್ಸಿಗೆ ಅರ್ಹತೆ ಸಿಗುತ್ತದೆಯಾ’ ಎಂಬ ಒಂದೇ ಪ್ರಶ್ನೆಗೆ ಹೌದು ಎಂಬ ಉತ್ತರ ಇಮೇಲಿನಲ್ಲಿ ಬರಬೇಕು. ಆನ್‌ಲೈನ್ ಕಾಲೇಜಾದರೆ ಇದು ಇನ್ನೂ ಮುಖ್ಯ, ಕಾಲೇಜು ಒಂದು ರಾಜ್ಯದಲ್ಲಿ, ನೀವು ಇನ್ನೊಂದರಲ್ಲಿ ಇರುತ್ತೀರಿ.

ಡಿಗ್ರಿ ಇದ್ದವರು ಮತ್ತೊಮ್ಮೆ ಡಿಗ್ರಿ ಮಾಡಬೇಕಿಲ್ಲ. ಲೈಸೆನ್ಸಿಗೆ ಬೇಕಾದಷ್ಟು ಮಾತ್ರ ಓದಿಸುವ ಪೋಸ್ಟ್ ಬ್ಯಾಕಲೋರಿಯೇಟ್ ಕೋರ್ಸುಗಳಿವೆ. ನ್ಯೂಜೆರ್ಸಿಯಂಥ ಕಡೆ ಮೊದಲು ಅರ್ಹತಾ ಪತ್ರ ಪಡೆದು, ಟೀಚರ್ ಆಗಿ ಸಂಬಳ ಪಡೆಯುತ್ತಲೇ ಉಳಿದದ್ದನ್ನು ಓದುವ ಆಲ್ಟರ್ನೇಟ್ ರೂಟ್ ಇದೆ. ಯಾವ ವಿಷಯ ಎಂದು ಕೇಳಿದರೆ, ವಿಶೇಷ ಶಿಕ್ಷಣ, ಗಣಿತ, ವಿಜ್ಞಾನ, ಮತ್ತು ಇಂಗ್ಲಿಷ್ ಮನೆಮಾತಲ್ಲದ ಮಕ್ಕಳಿಗೆ ಇಂಗ್ಲಿಷ್ ಕಲಿಸುವುದು. ಕೊರತೆ ಇರುವುದು ಅಲ್ಲಿ, ಹಣ ಇರುವುದೂ ಅಲ್ಲೇ. ಎರಡು ಭಾಷೆಗಳ ನಡುವೆ ಬೆಳೆದ ನಮಗೆ ಕೊನೆಯದು ಒಳಗಿನಿಂದ ಅರ್ಥವಾಗುತ್ತದೆ.

ಲೈಸೆನ್ಸಿಗೆ ಬರೆಯಬೇಕಾದ ಪ್ರಾಕ್ಸಿಸ್ ಅಥವಾ ರಾಜ್ಯದ್ದೇ ಪರೀಕ್ಷೆಗಳಿಗೆ ಹೆದರಬೇಡಿ. ಎಸ್ಸೆಸ್ಸೆಲ್ಸಿ, ಪಿಯುಸಿ ದಾಟಿ ಬಂದವರಿಗೆ ಗಣಿತ ಕಷ್ಟವಲ್ಲ. ಅಮೆರಿಕದ ಇತಿಹಾಸ ಮತ್ತು ಮಕ್ಕಳಿಗೆ ಓದುವುದನ್ನು ಕಲಿಸುವ ಬಗೆ, ಇವೆರಡಕ್ಕೆ ಸಮಯ ಕೊಡಿ. ಪ್ರಾಕ್ಸಿಸ್ ತಪ್ಪಿದರೆ 28 ದಿನ ಕಾದು ಮತ್ತೆ ಬರೆಯಬಹುದು.

ಹೆಜ್ಜೆ 6: ಸ್ಟೂಡೆಂಟ್ ಟೀಚಿಂಗ್ ಅನ್ನು ಮೊದಲ ದಿನವೇ ಮಾತಾಡಿ

ಪ್ಯಾರಾಗಳು ಸೋತು ನಿಲ್ಲುವ ಜಾಗ ಇದೇ. ಓದಿನ ಕೊನೆಯಲ್ಲಿ ಸುಮಾರು 12ರಿಂದ 16 ವಾರ ಪೂರ್ತಿ ದಿನ ಒಬ್ಬ ಟೀಚರ್ ಕೈಕೆಳಗೆ ಪಾಠ ಮಾಡಬೇಕು. ಬಹಳ ಕಡೆ ಸಂಬಳವಿಲ್ಲ. ಪ್ಯಾರಾ ಕೆಲಸ ಬಿಡಬೇಕಾಗುತ್ತದೆ. ಕೆಲಸ ಬಿಟ್ಟರೆ ಇನ್ಶೂರೆನ್ಸ್ ಹೋಗುತ್ತದೆ. ನೌಕರರಿಗೆ ಕೊಡುವ ಫೀಸಿನ ನೆರವೂ ಆಗಲೇ ನಿಲ್ಲಬಹುದು. ಎಲ್ಲ ಪರೀಕ್ಷೆ ಪಾಸಾಗಿ, ಈ ನಾಲ್ಕು ತಿಂಗಳು ಮನೆ ನಡೆಸಲಾಗದೆ ಓದು ನಿಲ್ಲಿಸಿದವರು ನನಗೆ ಗೊತ್ತು. ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬರು, ಮೂರು ಮಕ್ಕಳ ತಾಯಿ, ಅಲ್ಲೇ ನಿಂತರು. ಅವರಷ್ಟು ಚೆನ್ನಾಗಿ ಮಕ್ಕಳ ಮನಸ್ಸು ಅರಿಯುವವರನ್ನು ನಾನು ಕಂಡಿಲ್ಲ. ಅದು ಅವರ ಸೋಲಲ್ಲ. ವ್ಯವಸ್ಥೆ ಮೊದಲೇ ಯೋಚಿಸಬೇಕಿತ್ತು.

ಕೋರ್ಸಿಗೆ ಸೇರುವ ಮೊದಲು ಕಾಲೇಜನ್ನೂ ಡಿಸ್ಟ್ರಿಕ್ಟನ್ನೂ ಕೇಳಿ. ನಾನು ಕೆಲಸ ಮಾಡುವ ತರಗತಿಯಲ್ಲೇ, ಪ್ಯಾರಾ ಸಂಬಳ ಪಡೆಯುತ್ತಲೇ ಇದನ್ನು ಮುಗಿಸಬಹುದೇ? ವಿಶೇಷ ಶಿಕ್ಷಣದಲ್ಲಿ ಹಲವು ಕಾರ್ಯಕ್ರಮಗಳು ಇದಕ್ಕೆ ಒಪ್ಪುತ್ತವೆ. ಆಗದಿದ್ದರೆ, ಸಂಬಳವಿಲ್ಲದ ರಜೆ ಕೊಟ್ಟು ಕೆಲಸ ಉಳಿಸುತ್ತೀರಾ? ಇನ್ಶೂರೆನ್ಸ್ ಏನಾಗುತ್ತದೆ? ಕೆಲವು ರಾಜ್ಯಗಳು ಈಗ ಈ ಅವಧಿಗೆ ಹಣ ಕೊಡುತ್ತಿವೆ. ಮಿಶಿಗನ್ 2022ರಲ್ಲಿ ಸೆಮಿಸ್ಟರಿಗೆ 9,600 ಡಾಲರ್ ಕೊಡಲು ಶುರುಮಾಡಿತು. ಇಂಥ ಹಣ ವರ್ಷ ವರ್ಷದ ಬಜೆಟ್ ಮೇಲೆ ನಿಂತಿರುತ್ತದೆ, ಆದ್ದರಿಂದ ನಿಮ್ಮ ವರ್ಷಕ್ಕೆ ಇದೆಯೇ ಎಂದು ನೋಡಿಕೊಳ್ಳಿ. ಏನೂ ಸಿಗದಿದ್ದರೆ, ಓದು ಶುರುವಾದ ತಿಂಗಳಿಂದಲೇ ಈ ನಾಲ್ಕು ತಿಂಗಳಿಗೆಂದು ಬೇರೆ ಖಾತೆಯಲ್ಲಿ ಕೂಡಿಡಿ.

ಹೆಜ್ಜೆ 7: ಕಾಗದ ಕಾಯಿರಿ

ಒಂದು ಫೈಲು, ಒಂದು ಪಟ್ಟಿ ಸಾಕು. ಅನುಮತಿ ಪತ್ರ, ಫೀಸಿನ ರಸೀದಿ, ಅಂಕಪಟ್ಟಿ. ವಾಪಸ್ ಹಣಕ್ಕೆ ಅರ್ಜಿ ಹಾಕಲು ಕೋರ್ಸ್ ಮುಗಿದ ಮೇಲೆ ಇಂತಿಷ್ಟೇ ದಿನ ಅಂತ ಇರುತ್ತದೆ. ಪ್ರತಿ ಸೆಮಿಸ್ಟರಿಗೂ ಹೊಸ ಅನುಮತಿ ಬೇಕಾಗಬಹುದು. ಮೊದಲ ಸಲ ಸಿಕ್ಕಿತು ಎಂದು ಎರಡನೇ ಸಲ ಮರೆಯಬೇಡಿ. ಜೇಬಿನಿಂದ ಕಟ್ಟಿದ ಫೀಸಿಗೆ ತೆರಿಗೆಯಲ್ಲಿ ಲೈಫ್‌ಟೈಮ್ ಲರ್ನಿಂಗ್ ಕ್ರೆಡಿಟ್ ಎಂಬ ರಿಯಾಯಿತಿ ಇದೆ, ವರ್ಷಕ್ಕೆ ಹೆಚ್ಚೆಂದರೆ 2,000 ಡಾಲರ್. ಗಂಡ ಹೆಂಡತಿ ಸೇರಿ ತೆರಿಗೆ ಕಟ್ಟುವಾಗ ಒಟ್ಟು ವರಮಾನ 1,60,000 ಡಾಲರ್ ದಾಟಿದರೆ ಇದು ಕರಗುತ್ತಾ ಹೋಗಿ, 1,80,000ಕ್ಕೆ ಪೂರ್ತಿ ಇಲ್ಲವಾಗುತ್ತದೆ. ಐಟಿ ಸಂಬಳದ ಮನೆಗಳು ಇದನ್ನು ನೆಚ್ಚಿಕೊಳ್ಳಬೇಡಿ.

ಹೆಜ್ಜೆ 8: ಟೀಚರ್ ಆಗಿ ಸಹಿ ಹಾಕುವ ದಿನ

ಟೀಚರ್ ಸಂಬಳ ಒಂದು ಪಟ್ಟಿಯ ಪ್ರಕಾರ ನಡೆಯುತ್ತದೆ. ಓದು ಒಂದು ಕಡೆ, ಅನುಭವದ ವರ್ಷ ಇನ್ನೊಂದು ಕಡೆ. ಯಾವ ಮೆಟ್ಟಿಲಿನಲ್ಲಿ ನಿಮ್ಮನ್ನು ಕೂರಿಸುತ್ತಾರೆ ಎನ್ನುವುದು ಮುಂದಿನ ಎಲ್ಲ ವರ್ಷಗಳ ಸಂಬಳವನ್ನು ತೀರ್ಮಾನಿಸುತ್ತದೆ. ಊರಲ್ಲಿ ಪಾಠ ಮಾಡಿದ ವರ್ಷಗಳನ್ನು ಲೆಕ್ಕಕ್ಕೆ ಹಿಡಿಯುತ್ತೀರಾ, ಪ್ಯಾರಾ ಆಗಿ ದುಡಿದ ವರ್ಷಗಳನ್ನು ಹಿಡಿಯುತ್ತೀರಾ ಎಂದು ಕೇಳಿ. ಹೆಜ್ಜೆ 2ರಲ್ಲಿ ಹೇಳಿದ ಆ ಶಾಲೆಯ ಪತ್ರ ಈಗ ಹೊರಗೆ ಬರಬೇಕು. ತೀರ್ಥಹಳ್ಳಿ ಕಡೆಯ ನನ್ನ ಗೆಳತಿಯೊಬ್ಬಳು ಹೀಗೆ ಕೇಳಿದಳು. ಊರಿನ ನಾಲ್ಕು ವರ್ಷಗಳಲ್ಲಿ ಮೂರನ್ನು ಒಪ್ಪಿದರು. ಅವಳು ಸಂಬಳದ ನಾಲ್ಕನೇ ಮೆಟ್ಟಿಲಿನಿಂದ ಶುರುಮಾಡಿದಳು. ಅದೇ ದಿನ ಸಹಿ ಹಾಕಿದ ನಾನು ಪತ್ರವನ್ನು ಮನೆಯಲ್ಲೇ ಬಿಟ್ಟು ಹೋಗಿದ್ದೆ. ಮಾರನೆಯ ವಾರ ತಂದುಕೊಟ್ಟು, ತಿದ್ದುಪಡಿಯ ಫಾರಂ ತುಂಬಿ, ಬೋರ್ಡ್ ಮೀಟಿಂಗ್ ಆಗುವವರೆಗೆ ಎರಡು ತಿಂಗಳು ಕಾದೆ. ನೀವು ಅವತ್ತೇ ತೆಗೆದುಕೊಂಡು ಹೋಗಿ.